ಇಂಟರ್ನ್‌ಶಿಪ್ ಅಂದ್ರೆ ಬಿಟ್ಟಿ ಚಾಕರಿಯಾ?



ಕುಮಟಾದ ನಮ್ಮ ಮುಕ್ರಿ ಕೇರಿಯ ಹುಡುಗಿ ಕೇಳಿದ್ಲು: “ಅಣ್ಣಾ, ವಿಶ್ವಸಂಸ್ಥೆಲಿ ಇಂಟರ್ನ್‌ಶಿಪ್ ಮಾಡಿದ್ರೆ ಕೆಲ್ಸಕ್ಕೆ ದಾರಿ ಆಗ್ತದಂತೆ, ಅರ್ಜಿ ಹಾಕ್ಲಾ?”

ನಿಯಮ ಓದಿದೆ. ಅಲ್ಲಿನ ಸಚಿವಾಲಯದಲ್ಲಿ ಇಂಟರ್ನ್‌ಗೆ ಸಂಬಳ ಇಲ್ಲ. ವಿಮಾನ, ವೀಸಾ, ಬಾಡಿಗೆ, ಊಟ ಎಲ್ಲ ಖರ್ಚೂ ನಮ್ಮದೇ. ಗುಮಾಸ್ತನ ಸಂಬಳದಲ್ಲಿ ನಾನೂ ಕಳಿಸಲಾರೆ.

ಅಂದ್ರೆ ಬಡತನ ನಿವಾರಣೆ ಕಲಿಯೋಕೂ ಬಡವರಾಗಿರಬಾರದು! ದುಡ್ಡಿದ್ದವರ ಮಕ್ಕಳು ‘ಅನುಭವ’ ಕೊಳ್ತಾರೆ, ನಾಳೆ ಅಧಿಕಾರಿಗಳಾಗಿ ನಮ್ಮ ಕೇರಿಗೇ ಸರ್ವೆಗೆ ಬರ್ತಾರೆ. ಬಿಟ್ಟಿ ಚಾಕರಿ ನಮ್ಮ ಅಜ್ಜಂದಿರಿಗೆ ಹೊಸದಲ್ಲ. ಇಂಗ್ಲಿಷ್ ಹೆಸರಿಟ್ಟ ಕೂಡ್ಲೇ ಅದು ಅವಕಾಶ ಆಗೋದಿಲ್ಲ. 1913ರಲ್ಲಿ ಬಾಬಾಸಾಹೇಬರು ಕೊಲಂಬಿಯಾಕ್ಕೆ ಹೋದದ್ದು ಬಡೋದೆ ಸಂಸ್ಥಾನದ ವಿದ್ಯಾರ್ಥಿವೇತನದಿಂದ.

ತಂಗೀ, ಭತ್ಯೆ ಕೊಡುವ ಯುನಿಸೆಫ್, ಯುಎನ್‌ಡಿಪಿ, ಐಎಲ್‌ಒಗೆ ಅರ್ಜಿ ಹಾಕು. ಭಟ್ಕಳ, ಹೊನ್ನಾವರ, ಕುಮಟಾದ ಗೆಳೆಯರೇ, ವಿದೇಶಿ ಓದಿಗೆ ‘ಪ್ರಬುದ್ಧ’ ಯೋಜನೆ ಇದೆ. ಇಂಟರ್ನ್‌ಶಿಪ್ಪಿಗೂ ಅದನ್ನು ವಿಸ್ತರಿಸಿ ಅಂತ ಸಮಾಜ ಕಲ್ಯಾಣ ಇಲಾಖೆಗೆ ಒಟ್ಟಾಗಿ ಬರೆಯೋಣ.