ದವಡೆ ಹಲ್ಲಿನ ಕವಲು ಬಯಲಾದಾಗ

ಐವತ್ತು ದಾಟಿದ ಗೃಹಸ್ಥರು ಕೆಲವರು ದಂತವೈದ್ಯರ ಕುರ್ಚಿಯಲ್ಲಿ ಕುಳಿತು, ಹಲ್ಲು ತೋರಿಸುವುದಕ್ಕೆ ಮೊದಲೇ ತೀರ್ಪನ್ನೂ ಹೇಳಿಬಿಡುವುದುಂಟು: “ನೋವೇನೂ ಇಲ್ಲ ಡಾಕ್ಟರೇ. ಹಿಂದಿನದೊಂದು ಹಲ್ಲು ಸ್ವಲ್ಪ ಅಲುಗುತ್ತದೆ. ಕಿತ್ತುಬಿಡಿ.” ಆ ಬದಿಯಲ್ಲಿ ಅಗಿಯುವುದನ್ನು ಅವರು ಬಿಟ್ಟು ವರ್ಷವಾಗಿರುತ್ತದೆ. ಚಕ್ಕುಲಿ ಕೋಡುಬಳೆಗಳ ತಟ್ಟೆ ಎದುರಿಗೆ ಬಂದರೆ ಹೊಟ್ಟೆ ಸರಿಯಿಲ್ಲವೆಂದು ಹೇಳಿ ಪಕ್ಕಕ್ಕೆ ಸರಿಸುತ್ತಾರೆ. ಬೆಳಗಿನ ಹೊತ್ತು ಬಾಯಿ ಮುಕ್ಕಳಿಸಿದರೆ ರಕ್ತದ ಎಳೆ ಕಾಣುತ್ತದೆ. ಬಾಯಿಯ ವಾಸನೆಯ ವಿಷಯವನ್ನು ಮನೆಯಾಕೆ ಒಂದೆರಡು ಬಾರಿ ಸೂಚ್ಯವಾಗಿ ಹೇಳಿ ನೋಡಿಯೂ ಆಗಿರುತ್ತದೆ. ಆದರೂ ನೋವಿಲ್ಲವಲ್ಲ ಎಂಬ ಧೈರ್ಯದಲ್ಲಿ ದಿನ ತಳ್ಳಿ, ಕಡೆಗೆ ಹಲ್ಲನ್ನು ಕೀಳಿಸಿ ನಿಶ್ಚಿಂತರಾಗೋಣವೆಂದು ಬಂದಿರುತ್ತಾರೆ.

ವೈದ್ಯರು ಬಾಗಿದ, ಮೊಂಡು ತುದಿಯ ತೆಳು ಸಲಾಕೆಯೊಂದನ್ನು ಒಸಡಿನ ಅಂಚಿನಲ್ಲಿ ಮೆಲ್ಲನೆ ಇಳಿಸುತ್ತಾರೆ. ಅದು ಹಲ್ಲಿನ ಬದಿಗುಂಟ ಜಾರಿ, ಯಾವುದೋ ಕಮಾನಿನ ಅಡಿಯಲ್ಲಿ ನುಸುಳಿದಂತೆ ಅಡ್ಡಕ್ಕೆ ಹೊಕ್ಕು ನಿಲ್ಲುತ್ತದೆ. ಕಾಯಿಲೆಯು ಬೇರುಗಳ ಕವಲನ್ನು ಮುಟ್ಟಿದೆಯೆಂದು ಅದರ ಅರ್ಥ.

ಬಾಚಿಹಲ್ಲು, ಕೋರೆಹಲ್ಲುಗಳಿಗೆ ಸಾಮಾನ್ಯವಾಗಿ ಒಂದೊಂದೇ ಬೇರು; ಅವು ಗೂಟದಂತೆ ಎಲುಬಿನಲ್ಲಿ ನೆಟ್ಟಿರುತ್ತವೆ. ಅರೆಯುವ ಭಾರವನ್ನು ಹೊತ್ತ ದವಡೆ ಹಲ್ಲುಗಳಿಗೆ ಅಷ್ಟು ಆಧಾರ ಸಾಲದು. ಕೆಳದವಡೆಯ ಹಲ್ಲಿಗೆ ಸಾಧಾರಣವಾಗಿ ಹಿಂದೊಂದು ಮುಂದೊಂದು, ಎರಡು ಬೇರುಗಳಿರುತ್ತವೆ. ಮೇಲ್ದವಡೆಯದಕ್ಕೆ ಕೆನ್ನೆಯ ಕಡೆ ಎರಡು, ಅಂಗುಳಿನ ಕಡೆ ಒಂದು, ಹೀಗೆ ಮೂರು, ಮುಕ್ಕಾಲು ಮಣೆಯಿದ್ದಂತೆ. ಮೊದಲನೆಯ ದವಡೆ ಹಲ್ಲಿನಲ್ಲಿ ಹಲ್ಲಿನ ಕತ್ತಿನಿಂದ ಸುಮಾರು ೩ ರಿಂದ ೫ ಮಿಲಿಮೀಟರು ಒಳಗೆ ಹೋಗುವಷ್ಟರಲ್ಲಿ ಬೊಡ್ಡೆಯು ಸೀಳಿ ಬೇರುಗಳು ಬೇರೆ ಬೇರೆಯಾಗುತ್ತವೆ. ಆ ಕವಲಿನ ನಡುವಣ ಜಾಗವನ್ನು ಎಲುಬು ತುಂಬಿಕೊಂಡಿರುತ್ತದೆ. ಆರೋಗ್ಯವಂತನ ಬಾಯಲ್ಲಿ ಕವಲು ಕಣ್ಣಿಗೆ ಬೀಳುವಂತಹುದಲ್ಲ.

ಹಲ್ಲಿನ ಮೇಲೆ ದಿನವೂ ಕೂಡುವ ಜೀವಾಣುಗಳ ಮೆತ್ತನೆಯ ಪಾಚಿಯನ್ನು ತೆಗೆಯದೆ ಬಿಟ್ಟರೆ ಅದು ಗಟ್ಟಿಯಾಗಿ ಕಿಟ್ಟಗಟ್ಟುತ್ತದೆ. ಒಸಡು ಊದಿಕೊಂಡು ಹಲ್ಲಿನಿಂದ ಸಡಿಲುತ್ತದೆ. ಸಡಿಲಿದ ಒಸಡಿನ ಚೀಲದಲ್ಲಿ ಕೊಳೆ ಇನ್ನೂ ಆಳಕ್ಕಿಳಿಯುತ್ತದೆ. ಅದರೊಡನೆ ಸೆಣಸುವ ಶರೀರದ ಉರಿಯೂತವೇ ಎಲುಬನ್ನು ಸವೆಸುತ್ತ ಹೋಗುತ್ತದೆ. ಜನ ಪಯೋರಿಯವೆಂದು ಕರೆಯುತ್ತ ಬಂದಿರುವ ವ್ಯಾಧಿ ಇದೇ. ಹೊಳೆಯ ದಂಡೆಯ ಮರದ ಬುಡದಿಂದ ಮಣ್ಣು ಕೊಚ್ಚಿಹೋಗಿ ಬೇರುಗಳು ಬಯಲಿಗೆ ಬೀಳುವಂತೆ, ಎಲುಬು ಇಳಿದು ಇಳಿದು ಒಂದು ದಿನ ಕವಲು ಬಯಲಾಗುತ್ತದೆ. ತಂಬಾಕು ಇದಕ್ಕೆ ದೊಡ್ಡ ಸಹಾಯಕ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೂ ಹಾಗೆಯೇ. ಒಸಡು ಕೆಟ್ಟರೆ ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆಂಬುದನ್ನು ಮಧುಮೇಹಿಗಳು ಮರೆಯಬಾರದು.

ಒಂಟಿ ಬೇರಿನ ಹಲ್ಲಿಗಿಂತ ಕವಲಿನ ಹಲ್ಲು ವೈದ್ಯರನ್ನು ಹೆಚ್ಚು ಕಾಡುವುದೇಕೆ? ೧೯೭೯ ರಲ್ಲಿ ಬೋವರ್ ಎಂಬ ಸಂಶೋಧಕರು ಮೊದಲನೆಯ ದವಡೆ ಹಲ್ಲುಗಳ ಕವಲಿನ ಬಾಯಿಯನ್ನು ಅಳೆದು ನೋಡಿದರು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಕ್ಕಾಲು ಮಿಲಿಮೀಟರಿನಷ್ಟೋ ಅದಕ್ಕಿಂತ ಕಿರಿದೋ ಆಗಿದ್ದವು. ಬೇರನ್ನು ಕೆರೆದು ಶುಚಿಮಾಡುವ ಸಾಮಾನ್ಯ ಉಪಕರಣದ ಅಲಗಿನ ಅಗಲವೇ ಮುಕ್ಕಾಲು ಮಿಲಿಮೀಟರಿನಿಂದ ಮೇಲಕ್ಕೆ! ಕಿಂಡಿಗಿಂತ ಪೊರಕೆ ದಪ್ಪವಾದರೆ ಒಳಗಿನ ಕಸವನ್ನು ಗುಡಿಸುವುದು ಹೇಗೆ? ಸಾಲದುದಕ್ಕೆ ಬೇರುಗಳ ಒಳಮೈ ಹೆಚ್ಚಾಗಿ ತಗ್ಗಾಗಿರುತ್ತದೆ. ಕೆಲವರಲ್ಲಿ ಹಲ್ಲಿನ ತಲೆಯ ಬಿಳಿಯ ಕವಚವೇ ನಾಲಗೆಯಂತೆ ಚಾಚಿ ಕವಲಿನೊಳಕ್ಕೆ ಇಳಿದಿರುತ್ತದೆ. ಆ ನುಣುಪಿಗೆ ಒಸಡಿನ ನಾರುಗಳು ಅಂಟಿಕೊಳ್ಳಲಾರವು. ಇಂತಹ ಹಲ್ಲಿನ ಒಡೆಯರ ಪಾಲಿಗೆ ಹುಟ್ಟಿನಿಂದಲೇ ಒಂದು ಕದ ಓರೆಯಾಗಿದೆಯೆನ್ನಬೇಕು.

ಕಾಯಿಲೆ ಎಷ್ಟು ಒಳಹೊಕ್ಕಿದೆಯೆಂಬುದರ ಮೇಲೆ ಚಿಕಿತ್ಸೆ ನಿಂತಿದೆ. ಅಮೆರಿಕದ ಗ್ಲಿಕ್‌ಮನ್ ೧೯೫೩ ರಲ್ಲಿ ಇದನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ೧೯೭೫ ರಲ್ಲಿ ಸ್ವೀಡನ್ನಿನ ಹ್ಯಾಂಪ್ ಮತ್ತು ಅವರ ಸಂಗಡಿಗರು ಮಾಡಿದ ವಿಂಗಡಣೆ ಇನ್ನೂ ಸರಳ. ಸಲಾಕೆ ಅಡ್ಡಕ್ಕೆ ೩ ಮಿಲಿಮೀಟರಿನೊಳಗೆ ನಿಂತರೆ ಮೊದಲನೆಯ ದರ್ಜೆ. ಅದನ್ನು ಮೀರಿಯೂ ಆಚೆ ಬದಿಗೆ ಹೊರಡದಿದ್ದರೆ ಎರಡನೆಯದು. ಈ ಬದಿಯಿಂದ ಆ ಬದಿಗೆ ದಾಟಿದರೆ ಮೂರನೆಯದು. ಎಕ್ಸ್‌ರೇ ಚಿತ್ರವೂ ಬೇಕು. ಆದರೆ ಮೇಲ್ದವಡೆಯ ಮೂರು ಬೇರುಗಳು ಅದರಲ್ಲಿ ಒಂದರ ಮೇಲೊಂದು ಬೀಳುವುದರಿಂದ ಸಾಮಾನ್ಯ ಚಿತ್ರ ಅನೇಕ ವೇಳೆ ಮೋಸಮಾಡುತ್ತದೆ. ಹಲ್ಲಿನ ಒಳಗಿನ ನರ ಜೀವಂತವಾಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. ಹುಳುಕಿನಿಂದ ನರ ಸತ್ತ ಹಲ್ಲಿನ ಕೀವು ಸೂಕ್ಷ್ಮ ನಾಳಗಳ ಮೂಲಕ ಕವಲಿಗೆ ಇಳಿದು ಎಲುಬನ್ನು ಕರಗಿಸುವುದುಂಟು. ಅಲ್ಲಿ ದೋಷ ಒಸಡಿನದಲ್ಲ. ಬೇರಿನ ನಾಳವನ್ನು ಶುಚಿಮಾಡಿ ತುಂಬಿದರೆ ಎಲುಬು ಎಷ್ಟೋ ಬಾರಿ ತಾನಾಗಿ ಮರಳುತ್ತದೆ. ಇದನ್ನು ನೋಡದೆ ಹಲ್ಲು ಕೀಳುವುದು ಅನ್ಯಾಯ.

ಚಿಕಿತ್ಸೆಯ ಮೊದಲ ಮೆಟ್ಟಿಲು ಕಿಟ್ಟ ತೆಗೆಯುವುದು. ಇಲ್ಲಿಯೇ ಹಲವರು ಹಿಂದೆಗೆಯುತ್ತಾರೆ. “ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆ” ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಅದಕ್ಕೆ ಕಾರಣವಿಲ್ಲದಿಲ್ಲ. ಎಲುಬು ಕರಗಿದ ಹಲ್ಲುಗಳನ್ನು ಕಿಟ್ಟದ ಗೋಡೆಯೇ ಹಿಡಿದು ನಿಲ್ಲಿಸಿರುತ್ತದೆ. ಗೋಡೆ ಬಿದ್ದೊಡನೆ ಹಿಂದಿನಿಂದ ಇದ್ದ ಸಡಿಲ ಬೆಳಕಿಗೆ ಬರುತ್ತದೆ. ಊತವಿಳಿದ ಒಸಡು ಹಲ್ಲುಗಳ ನಡುವೆ ಸಂದುಗಳನ್ನೂ ಬಿಡುತ್ತದೆ. ಕೆಲವು ವಾರ ಕಾದರೆ ಒಸಡು ಬಿಗಿದು, ಹಲ್ಲು ಮೊದಲಿಗಿಂತ ಗಟ್ಟಿಯಾಗುವುದೇ ಹೆಚ್ಚು. ಮೊದಲನೆಯ ದರ್ಜೆಯವರಿಗೆ ಇಷ್ಟೇ ಸಾಕಾಗುವುದೂ ಉಂಟು.

ಎರಡನೆಯ ದರ್ಜೆಯಲ್ಲಿ ಕವಲಿನ ಒಳಗನ್ನು ಕಣ್ಣಾರೆ ಕಾಣದೆ ಶುಚಿಮಾಡುವುದು ಕಷ್ಟ. ಆ ಭಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಒಸಡನ್ನು ಪುಸ್ತಕದ ಹಾಳೆಯಂತೆ ಮಗುಚಿ, ಬೇರನ್ನು ತೊಳೆದು, ಮತ್ತೆ ಹೊಲಿಯುತ್ತಾರೆ. ಕಳೆದುಹೋದ ಎಲುಬನ್ನು ಮರಳಿ ಬೆಳೆಸುವ ಯತ್ನವೂ ಇದರೊಡನೆ ನಡೆಯಬಹುದು. ಗಾಯ ಮಾಯುವಾಗ ಒಸಡಿನ ಮೇಲ್ಪೊರೆ ಓಡೋಡಿ ಬಂದು ಜಾಗ ಹಿಡಿಯುತ್ತದೆ. ಎಲುಬು ಮತ್ತು ಹಲ್ಲನ್ನು ಬಿಗಿಯುವ ನಾರು ನಿಧಾನವಾಗಿ ಬರುತ್ತವೆ. ಅವಸರದ ಅತಿಥಿಯನ್ನು ಬಾಗಿಲಲ್ಲಿಯೇ ತಡೆಯಲು ನಡುವೆ ತೆಳುವಾದ ಪೊರೆಯೊಂದನ್ನು ಇಡುವ ಉಪಾಯವನ್ನು ಸ್ವೀಡನ್ನಿನ ನೈಮನ್ ಮತ್ತು ಸಂಗಡಿಗರು ಮನುಷ್ಯನ ಹಲ್ಲಿನಲ್ಲಿ ಪ್ರಯೋಗಿಸಿ ೧೯೮೨ ರಲ್ಲಿ ಪ್ರಕಟಿಸಿದರು. ಎರಡನೆಯ ದರ್ಜೆಯ ಕೆಳದವಡೆಯ ಹಲ್ಲಿನಲ್ಲಿ ಇದರ ಫಲ ಚೆನ್ನಾಗಿದೆ. ಆರುಪಾರು ತೆರೆದ ಕವಲಿನಲ್ಲಿ ಇದನ್ನು ನಂಬಿ ಹಣ ಸುರಿಯುವುದು ವಿವೇಕವಲ್ಲ.

ಅಂತಹ ಕವಲಿಗೆ ಬೇರೆ ದಾರಿಗಳಿವೆ. ಕೆಳದವಡೆಯಲ್ಲಿ ಕವಲನ್ನು ಇನ್ನಷ್ಟು ಅಗಲಿಸಿ, ಪುಟ್ಟ ಬ್ರಷ್ಷು ತೂರುವಂತೆ ಸುರಂಗವನ್ನೇ ಮಾಡಿಕೊಡಬಹುದು. ಆದರೆ ಸುರಂಗದೊಳಗೆ ಹುಳುಕು ಹಿಡಿಯುವ ಭಯ ತಪ್ಪದು. ಹೆಚ್ಚು ಕೆಟ್ಟ ಒಂದು ಬೇರನ್ನು ಕತ್ತರಿಸಿ ತೆಗೆದು ಉಳಿದುದರ ಮೇಲೆ ಹಲ್ಲನ್ನು ನಿಲ್ಲಿಸುವುದು ಇನ್ನೊಂದು. ಇದು ಹೊಸತೇನಲ್ಲ, ೧೮೮೪ ರಲ್ಲಿಯೇ ಫರಾರ್ ಎಂಬ ಅಮೆರಿಕದ ದಂತವೈದ್ಯರು ಇದನ್ನು ಕುರಿತು ಬರೆದಿದ್ದರು. ಬೇರಿನ ನಾಳದ ಚಿಕಿತ್ಸೆ, ಕತ್ತರಿ, ಮೇಲೊಂದು ಕಿರೀಟ ಎಂದು ವೆಚ್ಚ ಮೂರು ಪಾಲಾಗುತ್ತದೆ. ೧೯೮೧ ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಹೀಗೆ ಬೇರು ಕಡಿದ ೧೦೦ ಹಲ್ಲುಗಳಲ್ಲಿ ಹತ್ತು ವರ್ಷಗಳೊಳಗೆ ೩೮ ಕೆಟ್ಟವು. ಬಹುಪಾಲು ಕೆಟ್ಟದ್ದು ಐದು ವರ್ಷ ಕಳೆದ ಮೇಲೆ. ಬೇರು ಬಿರಿದದ್ದೇ ಮುಖ್ಯ ಕಾರಣ. ಅನಂತರದ ಕೆಲವರ ಲೆಕ್ಕ ಇದಕ್ಕಿಂತ ಎಷ್ಟೋ ಮೇಲಾಗಿದೆ. ಕೈ ಪಳಗಿದ ತಜ್ಞರನ್ನು ಹುಡುಕಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವೆಚ್ಚ ಭಾರವೆನಿಸಿದವರು ದಂತವೈದ್ಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ವಿಚಾರಿಸಬಹುದು.

ಇಷ್ಟೆಲ್ಲ ಪಾಡುಪಟ್ಟರೆ ಹಲ್ಲು ಉಳಿಯುತ್ತದೆಯೇ? ಅಮೆರಿಕದ ಹರ್ಷ್‌ಫೆಲ್ಡ್ ಮತ್ತು ವಾಸರ್‌ಮನ್ ಎಂಬ ವೈದ್ಯರು ೧೯೭೮ ರಲ್ಲಿ ತಮ್ಮ ೬೦೦ ಮಂದಿ ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಅವರನ್ನು ನೋಡಿಕೊಂಡದ್ದು ಸರಾಸರಿ ೨೨ ವರ್ಷ. ಆ ಬಾಯಿಗಳಲ್ಲಿ ಕವಲು ಕೆಟ್ಟಿದ್ದ ಹಲ್ಲುಗಳು ೧,೪೬೪, ಬಿದ್ದವು ೪೬೦. ಎಂದರೆ ಮೂರರಲ್ಲಿ ಎರಡು ಪಾಲು ಉಳಿದವು. ಇನ್ನೂ ಸೋಜಿಗವೆಂದರೆ, ಹೋದ ೪೬೦ ರಲ್ಲಿ ೨೪೦ ಹಲ್ಲುಗಳು ರೋಗಿಗಳ ಆರನೆಯ ಒಂದು ಪಾಲಿನವರವೇ ಆಗಿದ್ದವು. ಕವಲಿಗಿಂತ ಕವಲಿನ ಒಡೆಯರನ್ನು ನೋಡಿ ಭವಿಷ್ಯ ಹೇಳಬೇಕೆಂದಾಯಿತು. ಕವಲು ಕೆಟ್ಟಿತೆಂಬ ಒಂದೇ ಕಾರಣಕ್ಕೆ ಹಲ್ಲು ಕೀಳತಕ್ಕದ್ದಲ್ಲವೆಂದು ಯೂರೋಪಿನ ಒಸಡು ತಜ್ಞರ ಒಕ್ಕೂಟವು ೨೦೨೦ ರ ತನ್ನ ಮಾರ್ಗಸೂತ್ರದಲ್ಲಿ ಸ್ಪಷ್ಟಪಡಿಸಿದೆ.

ಕೀಳಲೇಬೇಕಾದ ಹಲ್ಲುಗಳು ಇಲ್ಲವೆಂದಲ್ಲ. ಬೇರಿನ ತುದಿಯವರೆಗೂ ಎಲುಬು ಹೋಗಿದ್ದರೆ, ಹಲ್ಲು ಒತ್ತಿದರೆ ತಗ್ಗಿ ಬಿಟ್ಟರೆ ಏಳುವಂತಿದ್ದರೆ, ಬೇರು ಸೀಳಿದ್ದರೆ, ಹಟ ಹಿಡಿದು ಫಲವಿಲ್ಲ. ಆಗ ಕಣ್ಣು ಮಂದವಾದೀತೆಂಬ ಹೆದರಿಕೆಯೂ ಬೇಡ. ಮೇಲಿನ ಹಲ್ಲಿಗೂ ನೋಟಕ್ಕೂ ಅಂತಹ ನಂಟಿಲ್ಲ. ಆದರೆ ಕಿತ್ತು ಲೋಹದ ಬೇರು ನೆಡಿಸಿದರೆ ರಗಳೆಯೆಲ್ಲ ಮುಗಿಯಿತೆಂಬ ಎಣಿಕೆ ಸಲ್ಲದು. ನೆಟ್ಟ ಬೇರಿನ ಸುತ್ತಲೂ ಇದೇ ಬಗೆಯ ಕಾಯಿಲೆ ಬರುತ್ತದೆ. ಮೊದಲು ಒಸಡು ಕೆಟ್ಟಿದ್ದವರಿಗೇ ಅದು ಹೆಚ್ಚು.

ಚಿಕಿತ್ಸೆ ಮುಗಿದ ಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ವೈದ್ಯರಲ್ಲಿಗೆ ಹೋಗಬೇಕಾಗುತ್ತದೆ. ಮಿಕ್ಕ ದಿನಗಳ ಕೆಲಸ ಮನೆಯದು. ಸಾಧಾರಣ ಬ್ರಷ್ಷು ಕವಲನ್ನು ಮುಟ್ಟಲಾರದು. ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂತಿರುವ ಸಂದಿನ ಬ್ರಷ್ಷುಗಳು ಔಷಧದ ಅಂಗಡಿಗಳಲ್ಲಿ ದೊರೆಯುತ್ತವೆ. ಯಾವ ಗಾತ್ರದ್ದೆಂಬುದನ್ನು ವೈದ್ಯರೇ ಬಾಯಲ್ಲಿಟ್ಟು ನೋಡಿ ಹೇಳಬೇಕು. ಗುಂಡುಸೂಜಿ, ಸೇಫ್ಟಿಪಿನ್ನು, ಬೆಂಕಿಕಡ್ಡಿಗಳನ್ನು ಹತ್ತಿರ ಸೇರಿಸಕೂಡದು. ರಾತ್ರಿ ಊಟವಾದ ಮೇಲೆ ಕನ್ನಡಿಯ ಮುಂದೆ ನಿಂತು ಅದನ್ನು ಕವಲಿನೊಳಕ್ಕೆ ಹೊಗಿಸಲು ಮೊದಲ ಕೆಲವು ದಿನ ಕೈ ತಡಕಾಡುತ್ತದೆ, ತಂತಿ ಬಾಗುತ್ತದೆ, ರಕ್ತವೂ ಕಾಣುತ್ತದೆ. ರಕ್ತ ಬಂದಿತೆಂದು ಬಿಡಬಾರದು. ಮೆಲ್ಲನೆ ದಿನವೂ ಮಾಡುತ್ತ ಬಂದರೆ ಒಂದೆರಡು ವಾರಗಳಲ್ಲಿ ಅದು ಕಡಿಮೆಯಾಗಬೇಕು. ಆಗದಿದ್ದರೆ ಮುಂದಿನ ಸರದಿಯವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು.