ಸ್ಪ್ಯಾನರ್ ಹಿಡಿಯುವ ಮುನ್ನ

ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ನೋಡದ ಮಕ್ಕಳು ಕಡಿಮೆ. ಅಲ್ಲಿ ಮರದ ಪುಟ್ಟ ಕಾರು ತಯಾರಾಗುವುದಕ್ಕೂ ಒಂದು ಕ್ರಮವಿದೆ. ಹಾಲೆ ಮರ ಮೊದಲು ಚೆನ್ನಾಗಿ ಒಣಗಬೇಕು, ಆಮೇಲೆ ಕಡೆತದ ಯಂತ್ರಕ್ಕೆ ಏರಬೇಕು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಅವಸರಪಟ್ಟು ಹಸಿ ಮರವನ್ನೇ ಕಡೆದರೆ ಅದು ಒಣಗುವಾಗ ಬಿರುಕು ಬಿಡುತ್ತದೆ.

ಮನೆ ಮುಂದಿನ ನಿಜವಾದ ಕಾರಿಗೂ ಈ ಮಾತು ಸಲ್ಲುತ್ತದೆ. ಭಾನುವಾರ ಅಪ್ಪ, ಮಕ್ಕಳು ಸೇರಿ ರಿಪೇರಿಗೆ ಇಳಿದಾಗ ಉಪಕರಣಕ್ಕೂ ಉತ್ಸಾಹಕ್ಕೂ ಕೊರತೆಯಿರುವುದಿಲ್ಲ. ತಪ್ಪುವುದು ಕ್ರಮ. ಇಲ್ಲಿ ಕೆಡುವುದು ಗೊಂಬೆಯಲ್ಲ, ಕೈಕಾಲು.

ಚಕ್ರ ಬದಲಿಸುವುದನ್ನೇ ನೋಡಿ. ಅನೇಕರು ಮೊದಲು ಜಾಕ್ ಏರಿಸಿ, ನಂತರ ನಟ್ಟಿನ ಮೇಲೆ ಬಲ ಹಾಕುತ್ತಾರೆ. ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಕಾರು ಅಲುಗುತ್ತದೆ, ಜಾಕ್ ಜಾರಬಹುದು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿದರೆ ನೆಲದ ಘರ್ಷಣೆಯೇ ಚಕ್ರವನ್ನು ಹಿಡಿದಿಡುತ್ತದೆ. ಮರಳಿ ಹಾಕುವಾಗ ನಟ್ಟುಗಳನ್ನು ಒಂದರ ಎದುರಿಗೆ ಇನ್ನೊಂದರಂತೆ ಬಿಗಿಯುತ್ತ ಹೋಗಿ, ಕಾರನ್ನು ಕೆಳಗಿಳಿಸಿದ ಮೇಲೆ ಕೊನೆಯ ಬಿಗಿ ಕೊಡಬೇಕು. ಚನ್ನಪಟ್ಟಣದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಓಡಿದ ನಂತರ ಮತ್ತೊಮ್ಮೆ ನಟ್ಟುಗಳನ್ನು ಪರೀಕ್ಷಿಸುವುದು ಒಳ್ಳೆಯದು.

ಇನ್ನೊಂದು ಮಾತು. ಕಾರಿನ ಜೊತೆ ಬರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದನ್ನೇ ನಂಬಿ ಕಾರಿನ ಕೆಳಗೆ ನುಸುಳಬಾರದು. ಬಿದ್ದ ಬೋಲ್ಟ್ ತೆಗೆಯಲು ‘ಒಂದೇ ನಿಮಿಷ’ ಎಂದು ತಲೆ ತೂರಿಸುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿರಬೇಕು.

ರೇಡಿಯೇಟರ್ ನಮ್ಮ ಅಡುಗೆಮನೆಯ ಕುಕ್ಕರಿನ ತಮ್ಮ. ಒತ್ತಡ ಹೆಚ್ಚಿದರೆ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ ಎಂದು ಪಾಠದಲ್ಲಿ ಓದಿರುತ್ತೇವೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು, ಒಳಗಿನ ದ್ರವ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕುಕ್ಕರಿನ ಆವಿ ಇಳಿಯಲು ಕಾಯುವ ಮನೆಯವರು ಇಲ್ಲಿಯೂ ಎಂಜಿನ್ ಪೂರ್ತಿ ತಣಿಯುವವರೆಗೆ ಕಾಯಬೇಕು.

ಬ್ಯಾಟರಿಯಲ್ಲೂ ಕ್ರಮದ್ದೇ ಪ್ರಶ್ನೆ. ಈಗಿನ ಕಾರುಗಳಲ್ಲಿ ಋಣ ತುದಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಮೊದಲು ಧನ ತುದಿಯನ್ನು ಬಿಚ್ಚಲು ಹೋಗಿ ಸ್ಪ್ಯಾನರ್ ಪಕ್ಕದ ಲೋಹಕ್ಕೆ ತಾಗಿದರೆ ಶಾರ್ಟ್ ಸರ್ಕ್ಯೂಟ್. ಕಿಡಿ ಹಾರುತ್ತದೆ, ಸ್ಪ್ಯಾನರ್ ಕಾದು ಕೈ ಸುಡುತ್ತದೆ. ಬಿಚ್ಚುವಾಗ ಋಣ ಮೊದಲು, ಜೋಡಿಸುವಾಗ ಋಣ ಕೊನೆಗೆ. ಇಷ್ಟು ನೆನಪಿದ್ದರೆ ಸಾಕು.

ಎಂಜಿನ್ ಆಯಿಲ್ ‘ಹೆಚ್ಚಿದ್ದರೆ ಒಳ್ಳೆಯದು’ ಎಂಬುದೂ ತಪ್ಪು ತಿಳಿವಳಿಕೆ. ಮಿತಿಮೀರಿ ತುಂಬಿದರೆ ಒಳಗೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ನೊರೆಗೆ ಎಣ್ಣೆಯಂತೆ ಯಂತ್ರವನ್ನು ಕಾಯುವ ಶಕ್ತಿಯಿಲ್ಲ. ಅಳತೆ ಕಡ್ಡಿಯ ಎರಡು ಗುರುತುಗಳ ನಡುವೆ ಎಣ್ಣೆ ನಿಲ್ಲಬೇಕು.

ಬ್ರೇಕ್ ಬಿಚ್ಚುವ ಪ್ರಯೋಗ ಮಾತ್ರ ಮನೆಯಲ್ಲಿ ಬೇಡ. ಅದು ಮೆಕ್ಯಾನಿಕ್ಕಿನ ಕೆಲಸ. ಉಳಿದವುಗಳಿಗೆ ಕಾರಿನ ಕೈಪಿಡಿ ಇದೆ. ಮಕ್ಕಳು ಅದನ್ನು ಗಟ್ಟಿಯಾಗಿ ಓದಲಿ, ಹಿರಿಯರು ಆ ಕ್ರಮದಲ್ಲೇ ಮಾಡಲಿ. ಬಿಚ್ಚಿದ ನಟ್ಟುಗಳನ್ನು ಒಂದು ತಟ್ಟೆಯಲ್ಲಿಟ್ಟು ಎಣಿಸಲಿ. ಕೆಲಸ ಮುಗಿದಾಗ ತಟ್ಟೆಯಲ್ಲಿ ಒಂದೇ ಒಂದು ನಟ್ಟು ಉಳಿದಿದ್ದರೂ ಕೆಲಸ ಇನ್ನೂ ಮುಗಿದಿಲ್ಲ.