ಸೂಟ್‌ಕೇಸಿನ ವಿಟಮಿನ್ ಡಬ್ಬಿಯೂ ಊರಿನ ಕೆಂಪು ಮಾತ್ರೆಯೂ

ರಜೆಗೆ ಊರಿಗೆ ಹೊರಡುವಾಗ ಗಲ್ಫ್‌ನಲ್ಲಿರುವ ನಾವು ಸೂಟ್‌ಕೇಸಿಗೆ ತುಂಬುವ ಸಾಮಾನಿನ ಪಟ್ಟಿ ಬದಲಾಗಿದೆ. ಖರ್ಜೂರ, ಬಾದಾಮಿ, ಸೆಂಟ್ ಬಾಟಲಿಗಳ ಜತೆಗೆ ಈಗ ವಿಟಮಿನ್ ಡಬ್ಬಿಯೂ ಸೇರಿದೆ. ಮನೆಯಲ್ಲಿ ಬಸುರಿ ಇದ್ದರಂತೂ ಕೇಳುವುದೇ ಬೇಡ. ದುಬಾರಿ ಡಬ್ಬಿ ತಿಂದರೆ ಮಗು ಗುಂಡುಗುಂಡಾಗಿ ಹುಟ್ಟುತ್ತದೆ ಎಂಬುದು ನಮ್ಮ ಲೆಕ್ಕ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ಮಸ್ಕತ್‌ನಲ್ಲಿರುವ ನಾವು ಅಣ್ಣ ತಮ್ಮ ಸೇರಿ, ಕುಂದಾಪುರದ ಕಡೆ ಇರುವ ತಂಗಿಗೆ ಎರಡು ಡಬ್ಬಿ ಗಮ್ಮಿ ಕಳುಹಿಸಿದೆವು. ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಎಂದು ಅವಳು ಗೊಣಗಿದಾಗ, 'ಅದನ್ನು ಬಿಡು, ಇದೇ ಸಾಕು' ಎಂದವರೂ ನಾವೇ. ಏಳನೇ ತಿಂಗಳಲ್ಲಿ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು. ಹುಟ್ಟಿದ ಮಗು 2 ಕೆ.ಜಿ. 200 ಗ್ರಾಂ. ಎರಡೂವರೆ ಕೆ.ಜಿ.ಗಿಂತ ಕಡಿಮೆ ಇದ್ದರೆ ಕಡಿಮೆ ತೂಕದ ಶಿಶು ಎನ್ನುತ್ತಾರೆ.

ತೂಕ ಕಡಿಮೆಯಾಗಲು ಅವಧಿಗೆ ಮುನ್ನ ಹೆರಿಗೆ, ತಾಯಿಯ ಊಟ, ರಕ್ತದೊತ್ತಡ ಎಂದು ಹಲವು ಕಾರಣಗಳಿವೆ. ಎಲ್ಲವನ್ನೂ ಡಬ್ಬಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಡಾಕ್ಟರು ಆ ಡಬ್ಬಿಯ ಹಿಂಬದಿ ತೋರಿಸಿದರು. ಅದರಲ್ಲಿ ಕಬ್ಬಿಣಾಂಶದ ಹೆಸರೇ ಇರಲಿಲ್ಲ! ಬ್ಯಾಲೆನ್ಸ್ ಶೀಟಿನ ಅಡಿಟಿಪ್ಪಣಿಯನ್ನೂ ಬಿಡದೆ ಓದುವ ನಾವು ಅದೊಂದನ್ನು ಓದಿರಲಿಲ್ಲ.

ಉಚಿತವಾಗಿ ಸಿಗುವ ಆ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ತೆಗೆದುಕೊಳ್ಳಬೇಕು. ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹಾಗಿರುವಾಗ ಪುಕ್ಕಟೆ ಮಾತ್ರೆ ಎಂದು ಮೂಗು ಮುರಿಯುವುದು ಯಾವ ಲೆಕ್ಕದಲ್ಲೂ ಲಾಭವಲ್ಲ.

ವಿಟಮಿನ್ ದಂಡ ಎಂದು ನಾವು ಹೇಳುತ್ತಿಲ್ಲ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ಕಾಕ್ರೇನ್ ಪರಿಶೀಲನೆಯಲ್ಲಿ, ಬಹುಪೋಷಕಾಂಶದ ಮಾತ್ರೆ ತೆಗೆದುಕೊಂಡ ತಾಯಂದಿರಲ್ಲಿ ಕಡಿಮೆ ತೂಕದ ಶಿಶುಗಳ ಜನನ ಸುಮಾರು ಶೇ 12ರಷ್ಟು ಕಡಿಮೆ ಕಂಡಿತ್ತು. ಆದರೆ ಆ ಮಾತ್ರೆಗಳಲ್ಲಿ ಕಬ್ಬಿಣಾಂಶವೂ ಇತ್ತು, ಉಳಿದದ್ದು ಅದರ ಜತೆಗೆ. ಅದನ್ನು ಬಿಟ್ಟು ಬರೀ ಉಳಿದದ್ದನ್ನು ತಿಂದವರ ಲೆಕ್ಕ ಅದಲ್ಲ.

ಹೆಚ್ಚು ತಿಂದರೆ ಹೆಚ್ಚು ಒಳ್ಳೆಯದು ಎಂಬುದೂ ಸುಳ್ಳು. ಇಲ್ಲಿಂದ ನಾವು ಪ್ರೀತಿಯಿಂದ ಒಯ್ಯುವ ಕಾಡ್ ಲಿವರ್ ಎಣ್ಣೆಯ ಕ್ಯಾಪ್ಸೂಲಿನಲ್ಲಿ ರೆಟಿನಾಲ್ ರೂಪದ ವಿಟಮಿನ್ ಎ ಇರುತ್ತದೆ. ಮೊದಲ ತಿಂಗಳುಗಳಲ್ಲಿ ಅದು ಅತಿಯಾದರೆ ಮಗುವಿಗೆ ಅಂಗದೋಷ ಬರಬಹುದು. ಡಾಕ್ಟರನ್ನು ಕೇಳದೆ ಯಾವ ಡಬ್ಬಿಯನ್ನೂ ಕಳುಹಿಸಬೇಡಿ.

ತಂಗಿಗೆ ಈಗ ಎರಡನೆಯದು, ಆರನೇ ತಿಂಗಳು. ಈ ಸಲ ಸೂಟ್‌ಕೇಸಿನಲ್ಲಿ ಖರ್ಜೂರ ಮಾತ್ರ ಹೋಯಿತು. ಕೆಂಪು ಮಾತ್ರೆಯನ್ನು ರಾತ್ರಿ ಊಟದ ಮೇಲೆ ನುಂಗುತ್ತಾಳೆ, ಚಹಾದಿಂದ ದೂರ ಇಟ್ಟು. ತಾಯಿ ಕಾರ್ಡಿನ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳುತ್ತೇವೆ. ಕಳೆದ ವಾರ ಹಿಮೋಗ್ಲೋಬಿನ್ 10.8 ಇತ್ತು.